ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಮತ್ತು ಒಪ್ಪಿಸಬೇಕಾದ ಹೆಂಡತಿ

ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವವರಿಗೆಂದು ಕೈಪಿಡಿಯೊಂದನ್ನು ಬರೆದು, ಅದರ ಮುಖಪುಟದಲ್ಲಿ ಕೆಂಪು ಕಾರಿನ ಬಾನೆಟ್ಟಿಗೆ ಒರಗಿ ನಿಂತು ಲೋಕಕ್ಕೆಲ್ಲ ದರ್ಶನ ಕೊಟ್ಟಿರುವ ಸಲಹೆಗಾರ ಮಹಾಶಯರಿಗೆ, ಆ ಕೈಪಿಡಿಯನ್ನು ಪೂರ್ತಿ ಓದಿ, ಅದರಂತೆಯೇ ನಡೆದು, ಇನ್ನೂ ಬದುಕಿರುವ ಓದುಗಿತ್ತಿಯೊಬ್ಬಳ ವಿನಯಪೂರ್ವಕ ನಮಸ್ಕಾರಗಳು.

ಮಾನ್ಯರೇ,

ತಮ್ಮ ಅಮೂಲ್ಯವಾದ ಸಮಯವನ್ನು ಹಾಳು ಮಾಡುವ ಮೊದಲು ನಾನು ಯಾರೆಂದು ಹೇಳಿಬಿಡುವುದು ಮರ್ಯಾದೆ. ನಾನು ಡ್ರೈವಿಂಗ್ ಸ್ಕೂಲ್ ನಡೆಸುವವಳು. ನನ್ನ ಯೌವನವೆಲ್ಲ ಪುಟ್ಟ ಬಿಳಿ ಕಾರೊಂದರ ಎಡಗಡೆ ಸೀಟಿನಲ್ಲಿ, ಕಾಲ ಕೆಳಗಿನ ಎರಡನೇ ಬ್ರೇಕಿನ ಮೇಲೆ ಪಾದವಿಟ್ಟುಕೊಂಡು, 'ನಿಧಾನ, ನಿಧಾನ' ಎಂದು ಹೇಳುವುದರಲ್ಲೇ ಕಳೆದಿದೆ. ಈ ಊರಿನಲ್ಲಿ ಸಿಗ್ನಲ್ ಹಳದಿಯಾಗುವ ಮೊದಲೇ ನಿಂತುಬಿಡುವ ಕಾರು ಕಂಡರೆ, ಅದರೊಳಗಿರುವುದು ನನ್ನ ಶಿಷ್ಯೆಯೆಂದು ಹಿಂದಿನವರು ಬೈದುಕೊಳ್ಳುತ್ತಾರೆ. ಇಂಥ ನನಗೆ, ಮಗಳ ಮದುವೆಯಾಗಿ ಮನೆ ಸ್ವಲ್ಪ ಸದ್ದಡಗಿದ ಮೇಲೆ, ಬಲಗಡೆ ಸೀಟಿನಲ್ಲಿ ಕೂತು ಒಂದು ಸಲವಾದರೂ ಜೋರಾಗಿ ಓಡಿಸಬೇಕೆಂಬ ಆಸೆ ಹುಟ್ಟಿತು. ಆಸೆ ಹುಟ್ಟಿದ ವಾರದಲ್ಲೇ ತಮ್ಮ ಕೈಪಿಡಿ ಕೈಗೆ ಸಿಕ್ಕಿತು. ಆದ್ದರಿಂದ ಮುಂದಿನದಕ್ಕೆಲ್ಲ ತಾವೇ ಹೊಣೆಯೆಂದು ನಾನು ಭಕ್ತಿಯಿಂದ ನಂಬಿದ್ದೇನೆ.

ತಾವು ಮೊದಲ ಅಧ್ಯಾಯವನ್ನೇ 'ಹೆಂಡತಿಯನ್ನು ಒಪ್ಪಿಸುವುದು ಹೇಗೆ' ಎಂಬ ಗಹನವಾದ ವಿಷಯಕ್ಕೆ ಮೀಸಲಿಟ್ಟಿದ್ದೀರಿ. ಅವಳ ಮನಸ್ಸು ಹಗುರವಾಗಿರುವ ಹೊತ್ತು ನೋಡಿ ಮಾತೆತ್ತಬೇಕು, ಎಂಜಿನ್ನಿನ ಶಕ್ತಿಯ ಬಗ್ಗೆ ಚಕಾರವೆತ್ತದೆ ಬಣ್ಣದ ಬಗ್ಗೆ ಮಾತ್ರ ಹೇಳಬೇಕು, ಕೊನೆಗೆ ಬಣ್ಣವನ್ನು ಅವಳೇ ಆರಿಸಿದಳೆಂಬ ಭಾವನೆ ಬರುವಂತೆ ಮಾಡಬೇಕು ಎಂದೆಲ್ಲ ಅನುಭವದ ಮಾತುಗಳನ್ನು ಬರೆದಿದ್ದೀರಿ. ಓದಿ ಕೃತಾರ್ಥಳಾದೆ. ಆದರೆ ಮನೆಯೆಲ್ಲ ಹುಡುಕಿದರೂ ನನಗೆ ಹೆಂಡತಿ ಸಿಗಲಿಲ್ಲ. ಇದ್ದವಳು ನಾನೊಬ್ಬಳೇ, ನಾನಾಗಲೇ ಒಪ್ಪಿಯಾಗಿತ್ತು. ಬೇರೆ ದಾರಿ ಕಾಣದೆ ಆ ಅಧ್ಯಾಯವನ್ನು ನನ್ನ ಗಂಡನ ಮೇಲೆ ಪ್ರಯೋಗಿಸಿದೆ.

ನಮ್ಮವರ ವಿಷಯ ತಮಗೆ ತಿಳಿದಿರುವುದು ಒಳ್ಳೆಯದು. ಅವರು ವಿಮಾ ಕಂಪನಿಯ ಸರ್ವೇಯರು. ಅಪಘಾತವಾದ ಗಾಡಿಗಳನ್ನು ನೋಡಿ ಎಷ್ಟು ನಜ್ಜುಗುಜ್ಜಾಗಿದೆ ಎಂದು ವರದಿ ಕೊಡುವುದೇ ಅವರ ಕಸುಬು. ಲೋಕದಲ್ಲಿ ಕಾರುಗಳು ನೆಟ್ಟಗೂ ಓಡುತ್ತವೆ ಎಂಬುದನ್ನು ಅವರು ಕೇಳಿ ತಿಳಿದವರೇ ಹೊರತು ಹೆಚ್ಚಾಗಿ ಕಂಡವರಲ್ಲ. ಹೆಂಡತಿಯೇ ಡ್ರೈವಿಂಗ್ ಟೀಚರಾಗಿದ್ದರೂ ಅವರು ಸ್ಟಿಯರಿಂಗ್ ಮುಟ್ಟಿದವರಲ್ಲ. ಆಫೀಸಿಗೆ ಬಸ್ಸಿನಲ್ಲಿ, ಅದೂ ಮಧ್ಯದ ಸೀಟಿನಲ್ಲಿ ಕೂತು ಹೋಗುತ್ತಾರೆ. ಅವರ ಮನಸ್ಸು ಹಗುರವಾಗಿದ್ದ ಹೊತ್ತು ನೋಡಿ, ತಾವು ಕಲಿಸಿದಂತೆ, ನೀಲಿ ಬಣ್ಣ ಎಷ್ಟು ತಂಪು ಅಲ್ಲವೇ ಎಂದು ಶುರುಮಾಡಿದೆ. ಅವರು ಪೇಪರಿನಿಂದ ತಲೆಯೆತ್ತದೆ, "ಎಷ್ಟು ಕುದುರೆ ಶಕ್ತಿ?" ಎಂದರು. ಮುನ್ನೂರು ಎಂದೆ. ಪೇಪರು ಮಡಿಸಿಟ್ಟು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ, "ನೋಡೋಕೆ ನಾನೂ ಬರ್ತೀನಿ" ಎಂದಷ್ಟೇ ಹೇಳಿದರು. ತಮ್ಮ ಅಧ್ಯಾಯದ ಪ್ರಭಾವ ಅದು ಎಂದುಕೊಂಡು ಮನಸ್ಸಿನಲ್ಲೇ ತಮಗೆ ಕೈಮುಗಿದೆ.

ಕೊಳ್ಳಲು ಹೋಗುವಾಗ ತಿಳಿದವರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ ಎಂಬ ಸಲಹೆಯೂ ಹೀಗೆ ತಾನಾಗಿಯೇ ನೆರವೇರಿತು. ತಗಡಿನ ಶೆಡ್ಡಿನಲ್ಲಿ ಸಾಲಾಗಿ ನಿಂತಿದ್ದ ಗಾಡಿಗಳ ನಡುವೆ ನಾನು ಜಾಹೀರಾತಿನಲ್ಲಿ ಕಂಡಿದ್ದ ಆ ನೀಲಿ ಕಾರು ನೆಲಕ್ಕೆ ಅಂಟಿಕೊಂಡಂತೆ ಕೂತಿತ್ತು. ಗಾಡಿ ವ್ಯಾಪಾರಿ ನಮ್ಮನ್ನು ಕಂಡವನೇ ಎರಡೂ ಕೈಚಾಚಿ ನಮ್ಮವರ ಕಡೆಗೆ ಬಂದ. ಬಹುಶಃ ಅವನೂ ತಮ್ಮ ಕೈಪಿಡಿಯನ್ನು ಓದಿದ್ದನೇನೋ.

"ಬನ್ನಿ ಸಾರ್, ಕೂತ್ ನೋಡಿ ಸಾರ್. ಮೇಡಂ, ನೀವು ಹಿಂಗೆ ಫ್ಯಾನ್ ಕೆಳಗೆ ಆರಾಮಾಗಿ ಕೂತ್ಕೊಳ್ಳಿ."

"ನನಗೆ ಓಡಿಸೋಕೆ ಬರಲ್ಲ. ಕಾರು ಅವರಿಗೆ" ಎಂದರು ನಮ್ಮವರು.

ವ್ಯಾಪಾರಿ ಬಹಳ ನಕ್ಕ. ನಾವಿಬ್ಬರೂ ನಗದಿದ್ದನ್ನು ಕಂಡು ನಿಲ್ಲಿಸಿದ.

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ ಕೇಳಿ, ನಾಲ್ಕೂ ಟಯರು ಒಂದೇ ರೀತಿ ಸವೆದಿವೆಯೇ ನೋಡಿ, ಕ್ಲಚ್ ಎಲ್ಲಿ ಹಿಡಿಯುತ್ತದೆ ಗಮನಿಸಿ ಎಂದು ತಾವು ಬರೆದಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ನಾನು ಇದರಲ್ಲಿ ಮುಳುಗಿದ್ದಾಗ ನಮ್ಮವರು, ಇಸ್ತ್ರಿ ಮಾಡಿದ ಅಂಗಿ ಕೊಳೆಯಾಗುವುದನ್ನೂ ಲೆಕ್ಕಿಸದೆ, ಕಾರಿನ ಕೆಳಗೆ ಅಡ್ಡಬಿದ್ದು ಟಾರ್ಚ್ ಬಿಟ್ಟು ನೋಡಿ, ಎದ್ದು ಮೊಣಕೈ ಒರೆಸಿಕೊಂಡರು. ಹೇಗಿದೆ ಎಂದು ಕೇಳಿದೆ. "ಮೊದಲು ಓಡಿಸ್ಕೊಂಡ್ ಬಾ" ಎಂದರು. ಓಡಿಸಿಕೊಂಡು ಬಂದೆ. ಶೆಡ್ಡಿನ ಮುಂದೆ ನಿಲ್ಲಿಸಿ ಕಿಟಕಿ ಇಳಿಸಿದಾಗ ಅವರು ಕಾರನ್ನು ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದರು. ಈಗ ಹೇಳಿ ಎಂದೆ. "ಚೆನ್ನಾಗಿದೆ, ತಗೋ" ಎಂದರು. ಕಾರು ನಮ್ಮದಾಯಿತು.

ಇಂಥ ಕಾರನ್ನು ಮನೆಗೆ ತಂದ ದಿನ ನೆರೆಹೊರೆಯವರ ಹೊಟ್ಟೆ ಉರಿಯುತ್ತದೆ ಎಂದು ತಾವು ಬರೆದಿದ್ದೀರಿ. ಆ ಸುಖ ನನಗೆ ಪೂರ್ತಿಯಾಗಿ ದಕ್ಕಲಿಲ್ಲ. ಏಕೆಂದರೆ ನಮ್ಮ ಬೀದಿಯ ರಸ್ತೆ ಉಬ್ಬುಗಳನ್ನು, ಕಲಿಯುವವರ ಸುರಕ್ಷತೆಯ ದೃಷ್ಟಿಯಿಂದ, ಊರಿನ ಆಡಳಿತ ಕಚೇರಿಗೆ ಅಲೆದಲೆದು ಹಾಕಿಸಿದವಳು ನಾನೇ. ಎತ್ತರ ಸಾಲದೆಂದು ಜಗಳವಾಡಿ ಮತ್ತೊಂದು ಪದರ ಡಾಂಬರು ಸುರಿಸಿದವಳೂ ನಾನೇ. ಈಗ ಆ ಒಂದೊಂದು ಉಬ್ಬಿನ ಮೇಲೂ ನನ್ನ ಕಾರು ಹೊಟ್ಟೆ ಉಜ್ಜಿಕೊಂಡು, ಕರುಳು ಕಿತ್ತುಬರುವಂಥ ಸದ್ದು ಮಾಡುತ್ತ, ಓರೆಯಾಗಿ ತೆವಳಿಕೊಂಡು ದಾಟುತ್ತದೆ. ಹೊಟ್ಟೆ ಉರಿಸಿಕೊಳ್ಳಬೇಕಾದ ನೆರೆಹೊರೆಯವರು ಗೇಟಿನ ಬಳಿ ನಿಂತು, "ಸ್ವಲ್ಪ ಎಡಕ್ಕೆ ಬನ್ನಿ, ಹಾಂ, ಬನ್ನಿ ಬನ್ನಿ" ಎಂದು ಕೈಸನ್ನೆ ಮಾಡುತ್ತಾರೆ. ಇದರಷ್ಟು ಅವಮಾನ ಬೇರೆ ಇದೆಯೇ, ತಾವೇ ಹೇಳಿ.

ನಮ್ಮ ನಾದಿನಿ ಒಂದು ಸಲ ಆಸೆಪಟ್ಟು ಕೂತರು. ಕೂರುವುದೇನೋ ಸಲೀಸಾಗಿ ಆಯಿತು, ಭೂಮಿಯ ಆಕರ್ಷಣೆ ಸಹಾಯಕ್ಕಿತ್ತು. ಇಳಿಯುವಾಗ ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ ಇಟ್ಟುಕೊಂಡು, "ಅತ್ತಿಗೆ, ನಗಬೇಡಿ, ಮೊದಲು ನನ್ನ ಎತ್ತಿ!" ಎಂದು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ನಗುತ್ತಿದ್ದವಳು ನಾನೊಬ್ಬಳೇ ಅಲ್ಲ, ಆದರೆ ಹೊಣೆ ನನ್ನ ಮೇಲೆ ಬಂತು. ಅವರು ಈಗ ನಮ್ಮ ಮನೆಗೆ ಬಂದರೆ ಕಾರು ನಿಂತಿರುವ ಕಡೆ ತಿರುಗಿಯೂ ನೋಡುವುದಿಲ್ಲ.

ಆದರೆ ನನ್ನ ನಿಜವಾದ ದೂರು ಇರುವುದು ಮೆಕ್ಯಾನಿಕ್ಕನ ವಿಷಯದಲ್ಲಿ. ಒಳ್ಳೆಯ ಮೆಕ್ಯಾನಿಕ್ಕನೊಬ್ಬನನ್ನು ಹಿಡಿದುಕೊಳ್ಳಿ, ಅವನು ಹೇಳಿದ್ದನ್ನು ವೇದವಾಕ್ಯವೆಂದು ತಿಳಿಯಿರಿ ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಹಿಡಿದುಕೊಂಡೆ. ಕೆಲಸ ಬಲ್ಲವನೇ, ಸಂದೇಹವಿಲ್ಲ. ಆದರೆ ನಾನು ಏನು ಕೇಳಿದರೂ, "ಯಜಮಾನ್ರನ್ನ ಕಳಿಸಿ ಮೇಡಂ, ಅವರಿಗೆ ವಿವರಿಸ್ತೀನಿ" ಎನ್ನುತ್ತಿದ್ದ. ಗೇರು ಯಾವುದು, ಹಾರ್ನು ಯಾವುದು ಎಂದು ಅವನ ಸ್ವಂತ ತಂಗಿಗೆ ಕಲಿಸಿದವಳು ನಾನು, ಮಾನ್ಯರೇ. ಆದರೂ ಜಗಳ ಬೇಡವೆಂದು ಯಜಮಾನರನ್ನೇ ಕಳಿಸಿದೆ. ಅವರು ಹೋಗಿ, ತಲೆಯಾಡಿಸಿ ಬಂದು, "ಆಯಿಲ್ ಬದಲಾಯಿಸ್ಬೇಕಂತೆ" ಎಂದರು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಹಿಂದಿನ ಚಕ್ರದ ಬಳಿ ಏನೋ ಕಟಕಟ ಎನ್ನುತ್ತಿತ್ತೆಂದು ನಾನೇ ಹೋದೆ. ಯಜಮಾನರು ಟೂರಿನಲ್ಲಿದ್ದಾರೆ, ಏನಿದ್ದರೂ ನನಗೇ ಹೇಳಬೇಕು ಎಂದು ಗಟ್ಟಿಯಾಗಿ ಕೂತೆ. ಅವನು ಕಾರನ್ನು ಮೇಲೆತ್ತಿ, ಸಡಿಲವಾಗಿದ್ದ ಒಂದು ಬೋಲ್ಟನ್ನು ಬಿಗಿ ಮಾಡಿ, ಬಲಗಡೆ ಹಿಂಭಾಗದ ಒಳಮೈಯನ್ನು ಬೆರಳಿನಿಂದ ತೋರಿಸಿದ.

"ಇಲ್ಲಿ ಹೊಡೆಸ್ಕೊಂಡು ವೆಲ್ಡಿಂಗ್ ಆಗಿದೆಯಲ್ಲ ಮೇಡಂ, ಅದಕ್ಕೂ ಈ ಸದ್ದಿಗೂ ಸಂಬಂಧ ಇಲ್ಲ. ಹೆದರ್ಬೇಡಿ."

"ಹೊಡೆಸ್ಕೊಂಡಿದ್ಯಾ? ಯಾವಾಗ?"

"ನಿಮ್ಮ ಕೈಗೆ ಬರೋಕೆ ಮುಂಚೆನೇ. ಮೊದಲನೇ ಸಲ ಬಂದಾಗಲೇ ಯಜಮಾನ್ರಿಗೆ ತೋರಿಸ್ದೆ. 'ಗೊತ್ತು, ಶೆಡ್ಡಲ್ಲೇ ನೋಡಿದೀನಿ' ಅಂದ್ರು."

ನಾನು ಮನೆಗೆ ಹೇಗೆ ಬಂದೆನೋ ತಿಳಿಯದು. ಉಬ್ಬುಗಳ ಮೇಲೆ ಓರೆಯಾಗಿ ಬರಲಿಲ್ಲವೆಂದು ಮಾತ್ರ ನೆನಪಿದೆ. ನಮ್ಮವರು ಟೂರಿನಿಂದ ಬಂದು ಚೀಲ ಕೆಳಗಿಡುವ ಮೊದಲೇ ಕೇಳಿದೆ.

"ಕಾರು ಆಕ್ಸಿಡೆಂಟ್ ಆಗಿತ್ತು ಅಂತ ನಿಮಗೆ ಗೊತ್ತಿತ್ತಾ?"

ಅವರು ಚೀಲವನ್ನು ನಿಧಾನವಾಗಿ ಇಟ್ಟು ಕುರ್ಚಿಯ ಮೇಲೆ ಕೂತರು. "ಗೊತ್ತಿತ್ತು."

"ಮತ್ಯಾಕೆ ಹೇಳ್ಲಿಲ್ಲ?"

"ಚಾಸಿ ನೆಟ್ಟಗಿತ್ತು. ಬೆಸುಗೆ ಗಟ್ಟಿಯಾಗಿತ್ತು. ಅಪಾಯ ಇದ್ದಿದ್ರೆ ನಾನು ಆ ಶೆಡ್ಡಿಂದ ನಿನ್ನ ಎಳ್ಕೊಂಡ್ ಬಂದಿರ್ತಿದ್ದೆ."

"ಹೇಳೋದಕ್ಕೇನು ಕಷ್ಟ?"

"ಹೇಳಿದ್ರೆ ನೀನು ಬಿಟ್ಬಿಡ್ತಿದ್ದೆ. ಆಮೇಲೆ ಇನ್ನೊಂದು ಕಾರು ನೋಡ್ತಿರ್ಲಿಲ್ಲ. ನಮಗ್ಯಾಕೆ ಇದೆಲ್ಲ ಅಂತ ಅಲ್ಲಿಗೇ ಮುಗಿಸ್ತಿದ್ದೆ. ಓಡಿಸ್ಕೊಂಡ್ ಬಂದಾಗ ನಿನ್ನ ಮುಖ ಹೇಗಿತ್ತು ಅಂತ ನಿನಗೆ ಕಾಣ್ಲಿಲ್ಲ. ನನಗೆ ಕಾಣ್ತಿತ್ತು."

ಮಾನ್ಯರೇ, ಇಂಥ ಮಾತು ಕೇಳಿ ಕರಗಬೇಕೆಂದು ತಮಗೆ ಅನ್ನಿಸಬಹುದು. ನಾನು ಕರಗಲಿಲ್ಲ. ಪಕ್ಕದಲ್ಲಿ ಕೂತು, ಓಡಿಸುವವಳಿಗೆ ತಿಳಿಯದಂತೆ ಬ್ರೇಕು ಒತ್ತಿ, ಕಾರನ್ನು ತಾನೇ ನಿಲ್ಲಿಸಿದೆನೆಂದು ಅವಳು ಹಿಗ್ಗುವಂತೆ ಮಾಡುವುದು ನನ್ನ ದಿನನಿತ್ಯದ ಕೆಲಸ. ನನ್ನ ಪಕ್ಕದಲ್ಲೂ ಒಬ್ಬರು ಹಾಗೆ ಕೂತಿದ್ದರೆಂದು ತಿಳಿದಾಗ, ಆ ಎರಡನೇ ಪೆಡಲ್ಲು ಎಷ್ಟು ಪ್ರೀತಿಯದಾದರೂ ಮೈಯೆಲ್ಲ ಉರಿಯಿತು. ವ್ಯಾಪಾರಿ ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿದ್ದ. ಮೆಕ್ಯಾನಿಕ್ಕು ಬಾಗಿಲಿಂದಲೇ ವಾಪಸು ಕಳಿಸಿದ್ದ. ತಾವು ಒಂದು ಅಧ್ಯಾಯ ಪೂರ್ತಿ ನನ್ನನ್ನು ಪುಸಲಾಯಿಸಬೇಕಾದ ಮಗುವೆಂದು ತಿಳಿದಿದ್ದಿರಿ. ಇವರಿಂದ ಮಾತ್ರ ನಾನು ಅದನ್ನು ನಿರೀಕ್ಷಿಸಿರಲಿಲ್ಲ. ಕಾರು ಮಾರುತ್ತೇನೆಂದು ಆಗಲೇ ಹೇಳಿಬಿಟ್ಟೆ. ಅವರು ಬೇಡವೆನ್ನಲಿಲ್ಲ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಉಪ್ಪು ಎಲ್ಲಿದೆ, ಬೀಗದ ಕೈ ಎಲ್ಲಿದೆ ಎಂಬುದನ್ನು ಬಿಟ್ಟು ಬೇರೆ ಮಾತೇ ಇರಲಿಲ್ಲ.

ಕೊಳ್ಳಲು ಮೊದಲು ಬಂದವರು ಹಲ್ಲಿನ ಡಾಕ್ಟರೊಬ್ಬರು. ಅವರ ಕೈಯಲ್ಲಿಯೂ ತಮ್ಮ ಕೈಪಿಡಿ ಇತ್ತು. ಮಾರುವಾಗ ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದು ತಾವು ಬರೆದಿದ್ದರೂ, ಅವರು ಕೇಳುವ ಮೊದಲೇ ಬಲಗಡೆ ಹಿಂಭಾಗದ ಕತೆಯನ್ನೆಲ್ಲ ಹೇಳಿದೆ. ಅವರು ಹುಳುಕು ಹಲ್ಲು ಕಂಡವರಂತೆ ಮುಖ ಮಾಡಿ, ಯೋಚಿಸಿ ಹೇಳುತ್ತೇನೆಂದು ಹೊರಟರು. ಗೇಟಿನವರೆಗೆ ಹೋಗಿ ತಿರುಗಿ, ಮುಂದಿನ ಸೋಮವಾರ ಪರಿಚಯದ ಮೆಕ್ಯಾನಿಕ್ಕನೊಬ್ಬನನ್ನು ಕರೆತರುವುದಾಗಿ ಹೇಳಿದರು. ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದ ನಮ್ಮವರು, ಡಾಕ್ಟರು ಹೋದ ಮೇಲೆ ನನ್ನ ಹತ್ತಿರ ಬಂದರು.

"ತಪ್ಪಾಯ್ತು. ಹೇಳ್ಬೇಕಾಗಿತ್ತು. ಬಿಡೋದು, ತಗೊಳ್ಳೋದು ನಿನಗೆ ಬಿಟ್ಟಿದ್ದು."

ನಾನು ಗೇಟು ಹಾಕಲು ಹೊರಟೆ.

"ಮಾರೋಕೆ ಮುಂಚೆ ಒಂದ್ಸಲ ನನ್ನ ಕೂರಿಸ್ಕೊಂಡ್ ಹೋಗ್ತೀಯಾ?" ಎಂದರು.

ಕೊಂಡ ದಿನವೂ ಬಸ್ಸಿನಲ್ಲೇ ಮನೆಗೆ ಬಂದಿದ್ದ ಅವರು ಅದುವರೆಗೆ ಆ ಕಾರಿನೊಳಗೆ ಒಮ್ಮೆಯೂ ಕೂತಿರಲಿಲ್ಲ.

ಈಗ ತಮ್ಮನ್ನು ಮನಸಾರೆ ಹೊಗಳುವ ಜಾಗಕ್ಕೆ ಬಂದೆ. ವೇಗದ ಹುಚ್ಚು ತೀರಿಸಿಕೊಳ್ಳಲು ಊರ ರಸ್ತೆಯಲ್ಲ, ರೇಸ್ ಟ್ರ್ಯಾಕೇ ಸರಿಯಾದ ಸ್ಥಳವೆಂದು ತಾವು ಬರೆದ ಒಂದು ವಾಕ್ಯ ಇಡೀ ಪುಸ್ತಕದಲ್ಲಿ ಬಂಗಾರದಂಥದು. ಹೆಂಗಸರನ್ನು ಕೆಣಕಲು ಜಾಗ ಸಿಗದೆ ಅವಸರದಲ್ಲಿ ಬರೆದಿರಬೇಕು. ಊರ ಹೊರಗಿನ ಟ್ರ್ಯಾಕನ್ನು ಸಾರ್ವಜನಿಕರಿಗೆ ಬಿಡುವ ಭಾನುವಾರ ನಾವಿಬ್ಬರೂ ಹೋದೆವು. ನಮ್ಮವರು ಮೊದಲು ತಿರುವಿನಲ್ಲಿ ಜೋಡಿಸಿಟ್ಟ ಹಳೆ ಟಯರುಗಳ ಗೋಡೆಯನ್ನು ಕೈಯಿಂದ ಒತ್ತಿ ನೋಡಿದರು. ಹೆಲ್ಮೆಟ್ಟಿನ ಪಟ್ಟಿ ಜಗ್ಗಿ ನೋಡಿದರು. ಆಂಬುಲೆನ್ಸಿನ ಚಾಲಕನೊಂದಿಗೆ ಕುಶಲ ವಿಚಾರಿಸಿದರು, ಪರಿಚಯಸ್ಥರಂತೆ. ಕೊನೆಗೆ ಬಂದು, ತಲೆ ಬಗ್ಗಿಸಿ, ಮಂಡಿ ಮಡಿಸಿ, ನನ್ನ ಪಕ್ಕದಲ್ಲಿ ಕೂತು ಬೆಲ್ಟು ಕಟ್ಟಿಕೊಂಡರು.

ಮೊದಲ ಸುತ್ತಿನಲ್ಲಿ ಅವರು ಕಣ್ಣು ಮುಚ್ಚಿದ್ದರು. ಎರಡನೆಯದರಲ್ಲಿ ತೆರೆದರು. ನೇರ ರಸ್ತೆ ಬಂದಾಗ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೇ, "ಇನ್ನೂ ಇದ್ಯಾ?" ಎಂದು ಕೇಳಿದರು.

"ಇದೆ."

"ತೋರ್ಸು."

ತೋರಿಸಿದೆ. ಮಾನ್ಯರೇ, ನನ್ನ ಎಡಗಾಲು ಇದ್ದಲ್ಲೇ ಇತ್ತು, ಬಲಗಾಲು ನೆಲದವರೆಗೆ ಹೋಯಿತು. ಬೆನ್ನು ಸೀಟಿಗೆ ಅಂಟಿತು, ಟ್ರ್ಯಾಕಿನ ಪಕ್ಕದ ಬೇಲಿ ಒಂದೇ ಗೆರೆಯಾಯಿತು. 'ನಿಧಾನ' ಎನ್ನುವವರು ಯಾರೂ ಇರಲಿಲ್ಲ. ತಿರುವಿಗೆ ಮೊದಲು ನಾನು, ನಾನೊಬ್ಬಳೇ, ಬ್ರೇಕು ಒತ್ತಿದೆ. ಪಕ್ಕದಲ್ಲಿ ನಗು ಕೇಳಿಸಿತು. ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಮಗಳು ಹುಟ್ಟಿದ ದಿನವೂ ಕೇಳಿರಲಿಲ್ಲ.

ಇಳಿಯುವಾಗ ಅವರನ್ನು ಎರಡೂ ಕೈ ಹಿಡಿದು ಎಳೆಯಬೇಕಾಯಿತು. ನಿಂತು, ಅಂಗಿ ಸರಿಮಾಡಿಕೊಂಡು, "ಹಲ್ಲಿನ ಡಾಕ್ಟ್ರಿಗೆ ಬರೋದು ಬೇಡ ಅಂತ ಹೇಳು. ನಿನಗೆ ಸರಿ ಅನಿಸಿದ್ರೆ" ಎಂದರು. ಕೊನೆಯ ಮೂರು ಪದ ಹೇಳುವ ಮುನ್ನ ಸ್ವಲ್ಪ ತಡೆದದ್ದನ್ನು ಗಮನಿಸಿದೆ. ಸರಿ ಅನಿಸಿತು. ಹೇಳಿದೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹಗಳು ಇಷ್ಟೇ. ಕೈಪಿಡಿಯ ಮುಂದಿನ ಮುದ್ರಣದಲ್ಲಿ 'ಹೆಂಡತಿ' ಎಂದಿರುವ ಕಡೆಯೆಲ್ಲ ಜಾಗ ಖಾಲಿ ಬಿಟ್ಟು, ಓದುವವರು ತಮಗೆ ಬೇಕಾದವರನ್ನು ಬರೆದುಕೊಳ್ಳಲು ಅನುಕೂಲ ಮಾಡಿಕೊಡಬೇಕು. ನಾನು ಬರುವುದನ್ನು ಕಂಡ ಕೂಡಲೇ ನಮ್ಮ ಬೀದಿಯ ಉಬ್ಬುಗಳು ಅಂಗಾತ ಮಲಗುವಂತೆ, ತಾವು ಬಲ್ಲ ದೊಡ್ಡವರಿಗೆ ಹೇಳಿ ಆದೇಶ ಹೊರಡಿಸಬೇಕು. ಮತ್ತು ನಮ್ಮ ನಾದಿನಿಯ ಮುನಿಸು ಇಳಿಯುವಂತೆ ಒಂದು ಪ್ರತ್ಯೇಕ ಅಧ್ಯಾಯ ಬರೆಯಬೇಕು. ತಮ್ಮ ಅನುಭವಕ್ಕೆ ಅದು ಕಷ್ಟವಾಗಲಾರದು.

ತಮ್ಮ ಕೃಪೆಯಿಂದ ಇಷ್ಟೆಲ್ಲ ಕಂಡ,
ತಮ್ಮ ವಿಶ್ವಾಸಿ,
ಎಡಗಡೆ ಸೀಟಿನ ಟೀಚರು

ಮರೆತ ಮಾತು: ತಮ್ಮ ಶ್ರೀಮತಿಯವರು ಹೋದ ತಿಂಗಳಿನಿಂದ ನಮ್ಮ ಸ್ಕೂಲಿಗೆ ಬರುತ್ತಿದ್ದಾರೆ. ಇದನ್ನು ಅವರ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಮನೆಯಲ್ಲಿ ಹೇಳಿದರೆ ತಾವು ಕೇಳಿಸಿಕೊಳ್ಳುವುದಿಲ್ಲವಂತೆ, ಅಚ್ಚಾದದ್ದನ್ನಾದರೆ ಓದುತ್ತೀರಂತೆ, ಅದಕ್ಕೇ ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಅವರ ಕೈ ಬಹಳ ಚೆನ್ನಾಗಿದೆ. ನಿನ್ನೆ ಟಾಪ್ ಗೇರಿನವರೆಗೆ ಅವರೊಬ್ಬರೇ ಹೋದರು, ನನ್ನ ಪಾದಕ್ಕೆ ಕೆಲಸವೇ ಇರಲಿಲ್ಲ. ಮುಖಪುಟದಲ್ಲಿ ತಾವು ಒರಗಿ ನಿಂತಿರುವ ಆ ಕೆಂಪು ಕಾರು ಬಾಡಿಗೆಯದೆಂದು ಅವರೇ ಹೇಳಿದರು. ಸ್ವಂತದ್ದೊಂದನ್ನು ಅವರು ಆಗಲೇ ನೋಡಿಟ್ಟಿದ್ದಾರೆ.