ಯುದ್ಧದ ಹಡಗಿನಲ್ಲಿ ಯಾರೂ ಸಾಯಲಿಲ್ಲ

ಮಗಳನ್ನು ನೋಡಲು ಬಂದವರನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುವುದು ತಪ್ಪೇನಲ್ಲ. ನಾನು ಈಗಲೂ ಹಾಗೇ ಹೇಳುತ್ತೇನೆ. ನಮ್ಮ ಮನೆಯಲ್ಲಿ ಮಾತ್ರ ಯಾರೂ ಒಪ್ಪುವುದಿಲ್ಲ.

ಆ ಶನಿವಾರ ತುರುವನೂರಿನಿಂದ ಗಂಡಿನ ತಾಯಿ ರತ್ನಮ್ಮ, ಅಜ್ಜಿ ಕರಿಯಮ್ಮ ಇಬ್ಬರೂ ಬೆಳಗಿನ ಮೊದಲ ಬಸ್ಸಿಗೇ ಚಿತ್ರದುರ್ಗಕ್ಕೆ ಬಂದಿಳಿದರು. ನಮ್ಮ ಸಹನಾ ಹಿರಿಯೂರಿನ ಶಾಲೆಯಲ್ಲಿ ಟೀಚರ್. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅವಳು ಬರುವುದು ಮಧ್ಯಾಹ್ನವೇ. ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿ ಆಗಲೇ ಒಪ್ಪಿಕೊಂಡಿದ್ದರು. ಬಾಕಿ ಉಳಿದಿದ್ದು ಅಜ್ಜಿಯ "ಹೂಂ" ಒಂದೇ. ಅಜ್ಜಿ "ಊಹೂಂ" ಎಂದರೆ ಆ ಮನೆಯಲ್ಲಿ ಮುಂದಿನ ಮಾತೇ ಇಲ್ಲವಂತೆ!

ಉಪ್ಪಿಟ್ಟು ಮುಗಿಯಿತು, ಕಾಫಿ ಮುಗಿಯಿತು, ಮಳೆಬೆಳೆಯ ಮಾತೂ ಮುಗಿಯಿತು. ಅಜ್ಜಿ ನಮ್ಮ ಸೋಫಾದ ಹರಿದ ಮೂಲೆಯನ್ನೇ ನೋಡುತ್ತಾ ಕುಳಿತರು. 

"ರೀ, ಸಿನಿಮಾಕ್ಕೆ ಹೋಗೋಣ," ಎಂದೆ ಇವರಿಗೆ, ಅಡುಗೆಮನೆಯಲ್ಲಿ.

"ಸುಮ್ನೆ ಕುಂತ್ಕಂಡು ಮಾತಾಡಿದ್ರೆ ಸಾಲ್ದೇನೆ?"

"ಮಾತು ಮುಗಿದಿದೆ ರೀ!"

ಊರಿನಲ್ಲಿ ಆಗ ಇದ್ದದ್ದು ಒಂದು ಇಂಗ್ಲಿಷ್ ಐತಿಹಾಸಿಕ ಚಿತ್ರ. ಪೋಸ್ಟರಿನಲ್ಲಿ ನೀಲಿ ಸಮುದ್ರ, ಬಿಳಿ ಹಾಯಿಯ ಹಡಗು, ಗುಂಡಿ ಹಾಕಿದ ಕೋಟಿನ ಕ್ಯಾಪ್ಟನ್. ನಾನು ಜವಾಬ್ದಾರಿಯುತ ಗೃಹಿಣಿ. ಆಗಲೇ ನೋಡಿ ಬಂದಿದ್ದ ಪಕ್ಕದ ಮನೆ ಶೋಭಾಗೆ ಫೋನು ಮಾಡಿ ವಿಚಾರಿಸಿದೆ.

"ಮುತ್ತುಗಿತ್ತು ಏನಾದ್ರೂ ಇದೆಯಾ ಶೋಭಾ?"

"ಒಂದೂ ಇಲ್ಲ ಕಣ್ರೀ. ಪಿಕ್ಚರ್‌ನಾಗೆ ಹೆಂಗಸರೇ ಇಲ್ಲ!"

ಇದಕ್ಕಿಂತ ಸಭ್ಯ ಚಿತ್ರ ಇನ್ನೆಲ್ಲಿ ಸಿಗಬೇಕು? ಭಾಷೆ ಅರ್ಥವಾಗದಿದ್ದರೆ ಹೇಳಲು ಕಾನ್ವೆಂಟಿನಲ್ಲಿ ಓದಿದ ನಾನಿದ್ದೇನಲ್ಲ!

ಥಿಯೇಟರಿನಲ್ಲಿ ಅಜ್ಜಿಯನ್ನು ನನ್ನ ಬಲಕ್ಕೆ, ರತ್ನಮ್ಮನವರನ್ನು ಎಡಕ್ಕೆ ಕೂರಿಸಿಕೊಂಡೆ. ಇವರು ಎರಡು ಸೀಟು ಬಿಟ್ಟು ಆಚೆ ಕುಳಿತರು. ನನ್ನ ಗಂಡನಿಗೆ ದೂರದೃಷ್ಟಿ ಜಾಸ್ತಿ. ದೀಪ ಆರಿತು. ಆಗ ರತ್ನಮ್ಮ ನನ್ನ ಕಿವಿಗೆ ಬಾಯಿಟ್ಟರು.

"ಅಕ್ಕಾ, ಇದ್ರಾಗೆ ಸಾವುಗೀವು ಇಲ್ಲ ತಾನೆ? ಹೆಣ್ಣು ನೋಡಾಕೆ ಹೊಂಟಾಗ ನಮ್ಮತ್ತೆಗೆ ಸಾವು ಕಣ್ಣಿಗೆ ಬೀಳಂಗಿಲ್ಲ. ಹೋದ್ಸಲ ಹೊಳಲ್ಕೆರೇಲಿ ಎದುರಿಗೆ ಒಂದು ಹೆಣ ಬಂತು. ಅಲ್ಲಿಂದಲೇ ಬಸ್ ಹತ್ತಿಸಿದ್ರು ನೋಡ್ರಿ. ಹುಡುಗಿ ಮನೀಗೇ ಹೋಗ್ಲಿಲ್ಲ!"

ಢಮಾರ್! ಪರದೆಯ ಮೇಲೆ ಫಿರಂಗಿ ಸಿಡಿಯಿತು. ಕೆಂಪು ಕೂದಲಿನ ನಾವಿಕನೊಬ್ಬ ಅಂಗಾತ ಬಿದ್ದ.

"ಏನಾತವ್ವಾ ಅವ್ನಿಗೆ?" ಎಂದರು ಅಜ್ಜಿ.

"ಸುಸ್ತು ಅಜ್ಜಿ. ಮಲಗಿಕೊಂಡ."

ಮತ್ತೆ ಢಮಾರ್! ಒಟ್ಟಿಗೇ ಒಂದಷ್ಟು ಜನ ಉರುಳಿದರು.

"ಇವ್ರು?"

"ಇವರೂ ಮಲಗಿದರು. ಹಡಗಿನಲ್ಲಿ ಪಾಳಿ ಮೇಲೆ ನಿದ್ದೆ ಮಾಡ್ತಾರೆ ಅಜ್ಜಿ."

ಶತ್ರುಗಳ ಹಡಗಿಗೆ ಬೆಂಕಿ ಬಿತ್ತು. ನಾನು ಆ ಇಡೀ ಹಡಗನ್ನು ಮಲಗಿಸಿದೆ. ನಾವಿಕರು ಹಲ್ಲು ಕಚ್ಚಿಕೊಂಡು ಆಡುತ್ತಿದ್ದ ಇಂಗ್ಲಿಷಿನಲ್ಲಿ ನನಗೂ ಅರ್ಧ ಅರ್ಥವಾಗುತ್ತಿರಲಿಲ್ಲ ಎಂಬುದು ಬೇರೆ ಮಾತು. ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಹೀಗೆ ಬೈಯುವುದನ್ನು ಕಲಿಸಿರಲಿಲ್ಲ!

ಮುಂದಿನ ಸಾಲಿನ ಹುಡುಗರು ಪರದೆ ಬಿಟ್ಟು ನನ್ನ ಕಡೆ ತಿರುಗಿ ಕುಳಿತಿದ್ದು ಆಮೇಲೆ ಗಮನಕ್ಕೆ ಬಂತು. ಒಬ್ಬನಂತೂ ಕಾಲು ಮಡಚಿಕೊಂಡು ಆರಾಮಾಗಿ ಕೂತಿದ್ದ.

ಇಂಟರ್ವಲ್‌ನಲ್ಲಿ ಇವರನ್ನು ಪಾಪ್‌ಕಾರ್ನ್ ಯಂತ್ರದ ಹಿಂದಕ್ಕೆ ಎಳೆದೆ. "ರೀ, ಮನೆಗೆ ಹೋಗಿಬಿಡೋಣ. ಇನ್ನು ನನ್ನ ಕೈಲಾಗಲ್ಲ."

"ಅಜ್ಜಿ ಕೇಳಿದ್ರೆ ಏನಂತ ಹೇಳ್ತೀಯ? ಸಹನಾ ಬಸ್ಸು ಇನ್ನೂ ಐಮಂಗಲ ದಾಟಿಲ್ಲ. ಅವಳು ಬರೋತನ ಎಲ್ರುನೂ ಮಲಗಿಸ್ತಾ ಇರು," ಎಂದು ಹೇಳಿ ಟೀ ಕುಡಿಯಲು ಹೊರಟೇಬಿಟ್ಟರು.

ಎರಡನೇ ಅರ್ಧ ಶುರುವಾಗುತ್ತಲೇ ಶವಸಂಸ್ಕಾರ! ಸತ್ತವನನ್ನು ಹಾಯಿಬಟ್ಟೆಯಲ್ಲಿ ಸುತ್ತಿ ಹೊಲಿದರು. ಎಲ್ಲರೂ ಟೋಪಿ ತೆಗೆದರು. ಕ್ಯಾಪ್ಟನ್ ಪುಸ್ತಕ ಹಿಡಿದು ಗಂಭೀರವಾಗಿ ಓದಿದ. ಹಲಗೆ ಎತ್ತಿದರು. ಮೂಟೆ ಜಾರಿ ನೀರಿಗೆ ಬಿತ್ತು.

ಅಜ್ಜಿ ನಿಧಾನವಾಗಿ ನನ್ನ ಕಡೆ ತಿರುಗಿದರು. ಅವರ ಮೂಗುಬೊಟ್ಟು ಕತ್ತಲಲ್ಲಿ ಒಮ್ಮೆ ಮಿಂಚಿತು.

"ಸ್ನಾನ ಅಜ್ಜಿ," ಎಂದೆ.

"ಮೂಟೆ ಕಟ್ಟಿ ಸ್ನಾನ ಮಾಡಿಸ್ತಾರಾ?"

"ಚಳಿ ದೇಶ ನೋಡಿ. ಮೈ ಬೆಚ್ಚಗಿರಲಿ ಅಂತ."

"ಪುಸ್ತಕ ಯಾಕೆ ಓದಿದ?"

"ಸ್ನಾನದ ಮಂತ್ರ!"

ಮುಂದಿನ ಸಾಲು ಬಿದ್ದು ಬಿದ್ದು ನಕ್ಕಿತು. "ಆಂಟಿ, ಒಣಗಾಕೋದು ಎಲ್ಲಿ?" ಎಂದ ಒಬ್ಬ. ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. ಅಲ್ಲಿಂದ ಮುಂದೆ ಪರದೆಯ ಮೇಲೆ ಯಾರು ಬಿದ್ದರೂ ಇಡೀ ಥಿಯೇಟರ್ ಒಕ್ಕೊರಲಿನಿಂದ "ಮಲಗಿದಾ!" ಎನ್ನತೊಡಗಿತು. ನಾನು ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ಕುಳಿತೆ.

ಆಗ ತೆರೆಯ ಮೇಲೆ ಬಿರುಗಾಳಿ ಎದ್ದಿತು. ಆ ಕಾಲದ ಹಡಗುಗಳಲ್ಲಿ ಊಟಕ್ಕೆಂದು ಕುರಿ ಒಯ್ಯುತ್ತಿದ್ದರಂತೆ. ಹಡಗು ವಾಲಿದಂತೆ ಕುರಿಗಳು ದೊಡ್ಡಿಯಿಂದ ಹೊರಗೆ ಜಾರಿದವು. ಜೀವಮಾನವೆಲ್ಲ ಕುರಿ ಸಾಕಿದ ಅಜ್ಜಿ ಸೀಟಿನಿಂದ ಎದ್ದು ನಿಂತುಬಿಟ್ಟರು.

"ಲೇ! ಮರಿ ಹಿಡ್ಕಳ್ರಲೇ! ಯಾವನಲೇ ಅವ್ನು ಕುರಿ ಕಟ್ಟಾಕದೆ ಬಿಟ್ಟವ್ನು!"

ಯಾರೂ ಹಿಡಿಯಲಿಲ್ಲ. ದೊಡ್ಡ ಅಲೆ ಬಂತು. ಕಪ್ಪು ಮುಖದ ಮರಿಯೊಂದು ಹಡಗಿನಂಚಿನಲ್ಲಿ ಕಾಲೂರಲು ನೋಡಿ, ನೀರಿಗೆ ಹೋಯಿತು. ಮುಂದಿನ ಸಾಲಿನ ಹುಡುಗರೂ ಪರದೆಯ ಕಡೆ ತಿರುಗಿದರು.

"ಇದೂ ಸ್ನಾನಕ್ಕೆ ಹೋತೇನವ್ವಾ?" ಎಂದರು ಅಜ್ಜಿ.

ಬಾಯಿ ತೆರೆದೆ. ಅಷ್ಟೊಂದು ಜನ ನಾವಿಕರನ್ನು ಬದುಕಿಸಿದ ನನಗೆ ಒಂದು ಮರಿಯನ್ನು ಬದುಕಿಸಲಾಗಲಿಲ್ಲ. "ಇಲ್ಲ ಅಜ್ಜಿ... ಸತ್ತೋಯ್ತು," ಎಂದು ಗಟ್ಟಿಯಾಗಿ ಅತ್ತುಬಿಟ್ಟೆ.

ಅಜ್ಜಿ ಸೆರಗು ಸರಿ ಮಾಡಿಕೊಂಡು ನೇರವಾಗಿ ಹೊರಗೆ ನಡೆದರು. ಹೋಯಿತು! ಸಹನಾಳ ಸಂಬಂಧ ಆ ಮರಿಯ ಹಿಂದೆಯೇ ಸಮುದ್ರ ಸೇರಿತು!

ಅಜ್ಜಿಯ ಹಿಂದೆಯೇ ಓಡಿ, ಎಲ್ಲರನ್ನೂ ಆಟೋ ಹತ್ತಿಸಿದೆ. ಇವರ ಮುಖ ನೋಡುವ ಧೈರ್ಯವೂ ನನಗಿರಲಿಲ್ಲ. ಮನೆ ತಲುಪಿದಾಗ ಸಹನಾ ಬಂದಿದ್ದಳು. ಅಜ್ಜಿಗೆ ನಮಸ್ಕಾರ ಮಾಡಿ, ಕುಡಿಯಲು ನೀರು ಕೊಟ್ಟು, ನನ್ನ ಊದಿದ ಕಣ್ಣು ನೋಡಿ, "ಅಮ್ಮ ಏನು ಮಾಡಿದ್ಲಪ್ಪಾ?" ಎಂದು ಇವರನ್ನು ಕೇಳಿದಳು. ನನಗೇನಾಯಿತು ಎಂದು ಕೇಳಲಿಲ್ಲ. ನಾನು ಏನು ಮಾಡಿದೆ ಎಂದು ಕೇಳಿದಳು!

ನಾನು ಅಜ್ಜಿಯ ಮುಂದೆ ಕೈಮುಗಿದೆ. "ತಪ್ಪಾಯ್ತು ಅಜ್ಜಿ. ಒಳ್ಳೇ ಕೆಲಸಕ್ಕೆ ಬಂದೋರಿಗೆ ಅಪಶಕುನ ತೋರಿಸಿದೆ. ಅದಕ್ಕೇ ನೀವು ಎದ್ದು ಬಂದಿರಿ..."

"ಅಯ್ಯೋ, ನಾನು ಎದ್ದು ಬಂದಿದ್ದು ಎಲೆಅಡಿಕೆ ಉಗುಳಾಕೆ ಕಣವ್ವ! ಅಲ್ಲೇ ಉಗುಳಾಕಾಗ್ತಿತ್ತಾ? ಸಿನಿಮಾದಾಗೆ ಸಾಯೋರು ಸಂಜೀಕೆ ಎದ್ದು ಮನೀಗೆ ಹೋಗ್ತಾರೆ, ಅದು ಯಾವ ಸೀಮೆ ಅಪಶಕುನ? ಮೊದಲ್ನೇವನು ಬಿದ್ದಾಗ್ಲೇ ನಂಗೆ ಗೊತ್ತಾತು. ಈ ಯಮ್ಮ ಇನ್ನೂ ಎಷ್ಟು ಜನರನ್ನ ಬದುಕಿಸ್ತಾಳೋ ನೋಡಾಣ ಅಂತ ಸುಮ್ಕಿದ್ದೆ."

ರತ್ನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಇವರು ಗಂಟಲು ಸರಿ ಮಾಡಿಕೊಂಡು, "ಹಂಗಾದ್ರೆ... ನಿಮ್ಮ ಅಭಿಪ್ರಾಯ ಏನಜ್ಜಿ?" ಎಂದರು.

ಅಜ್ಜಿ ಸಹನಾಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಅವಳ ತಲೆ ಸವರಿದರು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹುಡುಗಿ ಒಪ್ಪಿಗೆ ಕಣಪ್ಪ. ಅವರವ್ವನ ವಿಚಾರ ಮಾತ್ರ, ಊರಿಗೆ ಹೋಗಿ ಎಲ್ರುನೂ ಕೇಳಿ ತಿಳಿಸ್ತೀವಿ."