ತಂಗಿಯ ಹೆಸರಿನಲ್ಲಿ ಬಂದ ಬುಲ್ಡೋಜರ್

ತಂಗಿಯ ಹೊಲವನ್ನು ನೋಡಿಕೊಳ್ಳುತ್ತೇನೆ ಎಂದು ಒಪ್ಪಿಕೊಂಡ ಅಣ್ಣನಷ್ಟು ಕೆಲಸಕ್ಕೆ ಬಾರದ ಪ್ರಾಣಿ ಲೋಕದಲ್ಲಿ ಇನ್ನೊಂದಿಲ್ಲ. ಮುದಿ ಎತ್ತಾದರೂ ಗೊಬ್ಬರ ಕೊಡುತ್ತದೆ, ಇವನು ಬರೀ ಭರವಸೆ ಕೊಡುತ್ತಾನೆ. ಯಾರನ್ನೋ ಬೈಯುತ್ತಿದ್ದೇನೆ ಎಂದುಕೊಳ್ಳಬೇಡಿ. ಆ ಅಣ್ಣ ನಾನೇ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ತಪ್ಪೊಪ್ಪಿಗೆ ಹೇಗೆ ಶುರು ಮಾಡಬೇಕೆಂದು ಗೊತ್ತಿಲ್ಲ, ಬೈಗುಳ ಗೊತ್ತಿದೆ. ಅದಕ್ಕೇ ಅಲ್ಲಿಂದ ಶುರು ಮಾಡಿದೆ.

ನಮ್ಮೂರು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿದೆ. ತಂಗಿ ಗೌರಮ್ಮನನ್ನು ಕೊಟ್ಟದ್ದು ನಾಲ್ಕು ಮೈಲಿ ಆಚೆಯ ಊರಿಗೆ. ಅಪ್ಪ ಮದುವೆಯಲ್ಲಿ ಅರಿಶಿನ ಕುಂಕುಮಕ್ಕೆಂದು ಅವಳಿಗೆ ನಮ್ಮೂರಲ್ಲೇ ಎರಡು ಎಕರೆ ಕೊಟ್ಟರು. ಆ ಹೊಲದ ನಡುವೆ ಒಂದು ಹುಣಸೆಮರ. ಅವಳ ಹೊಲಕ್ಕೆ ಅಂಟಿಕೊಂಡು ಈಶಾನ್ಯದ ಕಡೆ ನನ್ನ ಎರಡು ಎಕರೆ. ಅಪ್ಪ ಹೋಗುವ ಮುಂಚೆ "ಹುಡುಗಿ ಹೊಲಾನೂ ನೋಡ್ಕೊಳಪ್ಪ" ಎಂದರು. ಮಾತಿಗೆ ನಾನು ತಪ್ಪಲಿಲ್ಲ, ದಿನವೂ ನೋಡಿದೆ. ಬೇಲಿಯಲ್ಲಿದ್ದ ಲಂಟಾನ ಒಳಗೆ ಕಾಲಿಟ್ಟಿದ್ದನ್ನು ನೋಡಿದೆ, ಮರುವರ್ಷ ಅದು ಹುಣಸೆಮರ ಮುಟ್ಟಿದ್ದನ್ನು ನೋಡಿದೆ, ಆಮೇಲೆ ಹೊಲವೇ ಕಾಣದಂತೆ ಬೆಳೆದದ್ದನ್ನೂ ನೋಡಿದೆ. ಮೇಕೆ ಕೂಡ ಮೂಸಿ ಮುಖ ತಿರುಗಿಸುವ ಗಿಡ ಅದು. ಹೂವು ಮಾತ್ರ ಕೆಂಪು ಹಳದಿಯಾಗಿ ನಗುತ್ತದೆ, ಪಂಚಾಯ್ತಿ ಚುನಾವಣೆಗೆ ನಿಂತವರ ಹಾಗೆ. ನನ್ನ ಹೊಲಕ್ಕೂ ಅದು ಬಂತು. ಸೋಮಾರಿತನದಲ್ಲಿ ನಾನು ಭೇದಭಾವ ಮಾಡಿದವನಲ್ಲ.

ಹೀಗಿರುವಾಗ ಗೌರಮ್ಮನ ಮಾವನ ಮನೆಯಲ್ಲಿ ಪಾಲಾಯಿತು. ರೇಷ್ಮೆಹುಳು ಸಾಕುವ ಮನೆ ಇವಳಿಗೆ ಬಂತು, ಸೊಪ್ಪಿನ ತೋಟ ಮೈದುನನಿಗೆ ಹೋಯಿತು. ಸೊಪ್ಪಿಲ್ಲದೆ ಹುಳು ಸಾಕುವುದೆಂದರೆ ಹಾಲಿಲ್ಲದೆ ಮಗು ಸಾಕಿದಂತೆ. ಮಳೆಗಾಲ ಹಿಡಿಯುವಷ್ಟರಲ್ಲಿ ಹಿಪ್ಪುನೇರಳೆ ಕಡ್ಡಿ ನೆಡದಿದ್ದರೆ ಆ ಮನೆಗೆ ಬೀಗ ಹಾಕಿ ಅವಳು ಮೈದುನನ ತೋಟಕ್ಕೇ ಕೂಲಿಗೆ ಹೋಗಬೇಕಿತ್ತು. ನನ್ನ ಹತ್ತಿರ ಬಂದು, "ಅಣ್ಣ, ಮೂರು ಜನ ಹೆಂಗಸರು, ಮೂರು ಮಚ್ಚು, ಒಂದು ತಿಂಗಳು. ಹೊಲ ಬಯಲಾಗುತ್ತೆ" ಎಂದಳು.

"ಈ ಕಾಲ್ದಲ್ಲಿ ಯಾರಮ್ಮ ಮಚ್ಚು ಹಿಡೀತಾರೆ? ಬುಲ್ಡೋಜರ್ ತರಿಸ್ತೀನಿ. ಒಂದೇ ದಿನ" ಎಂದೆ.

ಆಗ ಸರ್ಕಾರದವರು ಬುಲ್ಡೋಜರನ್ನು ದಿನದ ಬಾಡಿಗೆಗೆ ಕೊಡುತ್ತಿದ್ದರು. ಹಿಪ್ಪುನೇರಳೆ ಹಾಕುವವರಿಗೆ ಸರದಿ ಬೇಗ. ನನ್ನಂಥ ರಾಗಿಯವನು ಅರ್ಜಿ ಹಾಕಿದ್ದರೆ ಮೊಮ್ಮಕ್ಕಳ ಕಾಲಕ್ಕೆ ಬರುತ್ತಿತ್ತೇನೋ. ಅರ್ಜಿಯನ್ನು ಗೌರಮ್ಮನೇ ಬರೆದಳು. ಅವಳು ಏಳನೇ ಕ್ಲಾಸು, ಅಕ್ಷರ ಮುತ್ತಿನ ಹಾಗೆ. ನಾನು ತೆಗೆದುಕೊಂಡು ಹೋಗಿ ಕೊಟ್ಟೆ, ಅಷ್ಟೇ. ಊರಿಗೆ ಬಂದು ಮಾತ್ರ "ಬುಲ್ಡೋಜರ್ ಸ್ಯಾಂಕ್ಷನ್ ಮಾಡಿಸ್ಕೊಂಡು ಬಂದೆ" ಎಂದೆ. ಆ ಇಂಗ್ಲಿಷ್ ಪದ ಎಲ್ಲಿ ಕಲಿತೆನೋ ಕಾಣೆ, ಬಾಯಲ್ಲಿ ಬೆಲ್ಲ ಇಟ್ಟಂತಿತ್ತು.

ಲಾರಿಯ ಮೇಲೆ ಅದು ಬಂದ ದಿನ ಊರಿಗೆ ಊರೇ ಹೊಲದಲ್ಲಿತ್ತು. ಅರಿಶಿನ ಕುಂಕುಮ ಬಳಿದರು, ಹಾರ ಹಾಕಿದರು, ಚೈನಿನ ಕೆಳಗೆ ನಿಂಬೆಹಣ್ಣು ಇಟ್ಟರು. ನಮ್ಮೂರಿನ ಅಜ್ಜಿಯೊಬ್ಬರು ಅದಕ್ಕೆ ಹಿಂಡಿ ಇಡಬೇಕಾ ಎಂದು ಕೇಳಿದರು. ನಾನು ಮದುವೆಯ ಶಲ್ಯ ಹೊದ್ದು ಅದರ ಪಕ್ಕದಲ್ಲಿ ನಿಂತಿದ್ದೆ, ಹೆತ್ತವನೇ ನಾನು ಅನ್ನುವ ಹಾಗೆ. ಆ ಹೆಮ್ಮೆಯಲ್ಲೇ ತಂಗಿಗೆ ಒಂದು ಕಾರ್ಡು ಬರೆದೆ: "ನಿನ್ನ ಹೊಲ ಬಯಲಾಯಿತು. ಕಡ್ಡಿ ಕೊಯ್ಸಿಕೊಂಡು ಬಾ." ಆಗಿನ್ನೂ ಒಂದು ಎಲೆ ಕೂಡ ಉದುರಿರಲಿಲ್ಲ. ಅಂಚೆಗೆ ಹಾಕಿಯೂ ಆಯಿತು.

ಡ್ರೈವರ್ ಖಾದರ್ ಸಾಹೇಬರು ಚಿಂತಾಮಣಿಯವರು, ಮಾತು ಕಡಿಮೆ. "ಯಾವ ಕಡೆಯಿಂದ, ಗೌಡ್ರೆ?" ಎಂದು ಕೇಳಿದರು.

ಇಲ್ಲಿ ನೀವು ನನ್ನ ಮುಖಕ್ಕೆ ಉಗಿಯಬಹುದು. "ಶುಭ ಕೆಲಸ ನೋಡಿ ಸಾಹೇಬ್ರೆ, ನಮ್ಮಲ್ಲಿ ಈಶಾನ್ಯದಿಂದ್ಲೇ ಶುರು ಮಾಡ್ಬೇಕು" ಎಂದೆ. ಈಶಾನ್ಯದಲ್ಲಿ ಇದ್ದದ್ದು ನನ್ನ ಹೊಲ. ಎರಡು ಸುತ್ತು ಅಲ್ಲಿ ಹಾಕಿಸಿ, ಶಾಸ್ತ್ರ ಮುಗಿಸಿ, ಆಮೇಲೆ ತಂಗಿಯ ಹೊಲಕ್ಕೆ ಕಳಿಸೋಣ ಎಂದುಕೊಂಡಿದ್ದೆ. ಆದರೆ ಪೊದೆಗಳು ಬೇರುಸಮೇತ ಮಗುಚಿಕೊಳ್ಳುವುದನ್ನು ನೋಡಿದವನಿಗೆ ಎರಡು ಸುತ್ತು ಸಾಲುತ್ತದೆಯೇ? ಇನ್ನೊಂದು, ಆ ಮೂಲೆ, ಈ ಬದು. ಮಧ್ಯಾಹ್ನಕ್ಕೆ ನನ್ನ ಎರಡು ಎಕರೆ ಅಂಗೈಯಂತಾಯಿತು. ಸಾಹೇಬರು ಬದು ಬಿಗಿ ಮಾಡಿಕೊಡಲಿ ಎಂದು ಕೋಳಿ ಕೊಯ್ಸಿ ಮುದ್ದೆ ಊಟ ಹಾಕಿಸಿದೆ. ಅವರು ಉಂಡರು, ಹೊಂಗೆಮರದ ಕೆಳಗೆ ಒರಗಿದರು, ನಿದ್ದೆ ಹೋದರು. ಎಬ್ಬಿಸಲು ನನಗೆ ಧೈರ್ಯ ಬರಲಿಲ್ಲ. ಅವರು ಎದ್ದು ತಂಗಿಯ ಹೊಲದ ಅಂಚಿನಲ್ಲಿ ನಾಲ್ಕು ಪೊದೆ ಉರುಳಿಸುವಷ್ಟರಲ್ಲಿ ಲಾರಿ ಬಂತು. ಮಾರನೆಯ ದಿನ ಬೇರೆ ಊರಿನ ಸರದಿ. ಅರ್ಧ ಗಂಟೆ ಇರಿ ಎಂದು ಬೇಡಿದೆ. ಸಾಹೇಬರು, "ನಿಮ್ಮ ಈಶಾನ್ಯ ಬಹಳ ದೊಡ್ಡದು ಗೌಡ್ರೆ" ಎಂದು ಲಾರಿ ಹತ್ತಿದರು.

ಪಕ್ಕದ ಹೊಲದ ಮುನಿಶಾಮಣ್ಣ ಬೆಳಗಿನಿಂದ ಎಲ್ಲ ನೋಡುತ್ತ ಕೂತಿದ್ದ. "ಏಮಿ ಅಣ್ಣಾ, ಚೆಲ್ಲೆಲಿ ಚೇನು ಎಕ್ಕಡ?" ಎಂದ. ತಂಗಿಯ ಹೊಲ ಎಲ್ಲಪ್ಪ ಎಂದು. ಅವನು ವ್ಯಂಗ್ಯ ಮಾಡುವುದು ತೆಲುಗಿನಲ್ಲೇ.

ಮೂರನೇ ದಿನ ಗೌರಮ್ಮನ ಗಾಡಿ ಬಂತು. ಒದ್ದೆ ಗೋಣಿಯಲ್ಲಿ ಸುತ್ತಿದ ಕಡ್ಡಿ, ಹಿಂದೆ ಮೂವರು ಹೆಂಗಸರು. ಆ ಕಡ್ಡಿಯನ್ನು ಬೇಗ ನೆಡದಿದ್ದರೆ ಅದು ಒಲೆಗೇ. ನಾನು ಗಾಡಿಯ ಮುಂದೆ ನಿಂತೆ. ನಿಜ ಹೇಳಲು ಬಾಯಿ ತೆರೆದೆ, ಕೈ ತಾನಾಗಿ ನನ್ನ ಹೊಲದ ಕಡೆ ತೋರಿಸಿತು.

"ಇದೇ ಕಣಮ್ಮ ನಿಂದು" ಎಂದೆ.

ಅವಳು ಬಯಲನ್ನು ನೋಡಿದಳು. ಆಮೇಲೆ ಲಂಟಾನದ ನಡುವೆ ತಲೆ ಎತ್ತಿ ನಿಂತಿದ್ದ ಹುಣಸೆಮರವನ್ನು ನೋಡಿದಳು. ಚಿಕ್ಕಂದಿನಲ್ಲಿ ಅದರಿಂದ ಬಿದ್ದು ಕೈ ಮುರಿದುಕೊಂಡವಳು ಅವಳೇ.

"ಅಣ್ಣ, ಹುಣಸೆಮರ ಯಾವಾಗ ಆ ಕಡೆ ನಡ್ಕೊಂಡು ಹೋಯ್ತು?"

ನಾನು ಶಲ್ಯ ಸರಿಮಾಡಿಕೊಂಡೆ. ಬದುವಿನ ಮೇಲೆ ಕೂತಿದ್ದ ಮುನಿಶಾಮಣ್ಣ ಕೆಮ್ಮಿದ.

"ಸರಿ ಬಿಡು" ಎಂದಳು. "ನಾಲ್ಕು ಜನರ ಮುಂದೆ ಹೇಳಿದ್ದೀಯ. ಇದೇ ನಂದು. ಇಳೀರಮ್ಮ, ಸಾಲು ಹಿಡೀರಿ."

ಸಂಜೆಗೆ ಗೋಣಿಗಳೆಲ್ಲ ಖಾಲಿಯಾದವು. ಅವುಗಳ ಕೆಳಗೆ ಗಾಡಿಯ ತಳದಲ್ಲಿ ಮೂರು ಮಚ್ಚು ಇದ್ದವು, ಹೊಸದಾಗಿ ಸಾಣೆ ಹಿಡಿಸಿದವು. ನನ್ನ ಕಾರ್ಡನ್ನು ಅವಳು ಎಷ್ಟು ನಂಬಿದ್ದಳು ಎನ್ನುವುದು ಅವನ್ನು ನೋಡಿದ ಮೇಲೆ ಗೊತ್ತಾಯಿತು. ಒಂದನ್ನು ತೆಗೆದು ನನ್ನ ಕೈಗಿಟ್ಟು, "ಈಶಾನ್ಯದಿಂದ್ಲೇ ಶುರು ಮಾಡಣ್ಣ" ಎಂದಳು. ಇದನ್ನು ಅವಳಿಗೆ ಯಾರು ಹೇಳಿದರೋ. ಮುನಿಶಾಮಣ್ಣನಿಗೆ ಕನ್ನಡವೂ ಚೆನ್ನಾಗಿಯೇ ಬರುತ್ತದೆ.

ಊರಿನವರ ಬುದ್ಧಿಯನ್ನೂ ಹೇಳಿಬಿಡುತ್ತೇನೆ. ಹಸನು ಮಾಡಿದ ತನ್ನ ಹೊಲವನ್ನೇ ತಂಗಿಗೆ ಕೊಟ್ಟ ಅಣ್ಣ ಎಂದು ಅರಳಿಕಟ್ಟೆಯಲ್ಲಿ ನನ್ನನ್ನು ಹೊಗಳಿದರು. ಇಂಥ ದಡ್ಡರ ನಡುವೆ ಇದ್ದೇನಲ್ಲ ಎಂದು ನನಗೆ ತಿರಸ್ಕಾರ ಬಂತು. ಅಲ್ಲ ಕಣ್ರಪ್ಪ ಎನ್ನಲು ಎರಡು ಸಲ ಎದ್ದೆ. ಎರಡು ಸಲವೂ ಯಾರೋ ಎಲೆ ಅಡಿಕೆ ಕೊಟ್ಟರು, ಬಾಯಿ ತುಂಬಿತ್ತು.

ಈಗ ಗೌರಮ್ಮನ ಹುಳುಮನೆ ತುಂಬಿದೆ. ಅವಳ ಸೊಪ್ಪಿನ ಗಾಡಿ ಹುಣಸೆಮರದ ಹೊಲದ ಪಕ್ಕದಲ್ಲೇ ಹೋಗುತ್ತದೆ. ನಾನು ಲಂಟಾನದೊಳಗೆ ಬಗ್ಗಿ ಬೇರು ಕಡಿಯುತ್ತಿರುತ್ತೇನೆ, ಮೈಯೆಲ್ಲ ಗೀರು, ಕಳೆದ ವರ್ಷ ಕಡಿದ ಜಾಗದಲ್ಲಿ ಈ ವರ್ಷ ಮತ್ತೆ ಹೂವು. ಅವಳು ಗಾಡಿ ನಿಲ್ಲಿಸಿ, "ಅಣ್ಣ, ಮತ್ತೆ ಬುಲ್ಡೋಜರ್ ಯಾವಾಗ ತರಿಸ್ತೀಯ?" ಎಂದು ಕೇಳುತ್ತಾಳೆ.

"ಅರ್ಜಿ ಬರ್ಕೊಡಮ್ಮ" ಎನ್ನುತ್ತೇನೆ. "ನಿನ್ನ ಅಕ್ಷರ ಚೆನ್ನಾಗಿದೆ."