ಆಕಾಶದಲ್ಲಿ ಊಟದ ಹೊತ್ತು

ವಿಜ್ಞಾನವನ್ನೂ ಅಧ್ಯಾತ್ಮವನ್ನೂ ಒಂದೇ ಕತೆಯಲ್ಲಿ ಕೂಡಿಸಲು ಹೋದವನಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಚಿಕ್ಕೋಡಿಯಲ್ಲಿ ಕಾರಕೂನ. (ಲೇಖಕನಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು.) ಕೆಲ ವರ್ಷಗಳ ಹಿಂದೆ ಅಥಣಿಯ ಗೆಳೆಯರ ಬಳಗವೊಂದು ಹೊಸಬರ ಕಥಾಸಂಕಲನ ತರುತ್ತದೆಂದು ತಿಳಿದು ನನ್ನ ಮೊದಲ ಕತೆ ಬರೆದೆ. ಕಾಗವಾಡದ ಜೈನ ಹುಡುಗನೊಬ್ಬ ಗಗನನೌಕೆಯಲ್ಲಿ ಭೂಮಿಯನ್ನು ಸುತ್ತುತ್ತ, ಧ್ಯಾನ ಮಾಡಿ, ಆತ್ಮವನ್ನು ಅರಿಯುತ್ತಾನೆ. ಅದು ಅಚ್ಚಾಗಲೇಬೇಕಿತ್ತು. ಯಾಕೆಂದರೆ ಆಫೀಸಿನಲ್ಲಿ ಆಗಲೇ ಪೇಢೆ ಹಂಚಿಬಿಟ್ಟಿದ್ದೆ.

೧. ಮೊದಲ ಓದುಗರು

ರೊಟ್ಟಿ ಬಡಿಯುತ್ತಿದ್ದ ಹೆಂಡತಿಗೆ ಓದಿ ಹೇಳಿದೆ.

"ಮ್ಯಾಲೆ ಹೋಗಿ ಏನ್ ಮಾಡ್ತಾನ್ರಿ?"

"ಕಣ್ಣು ಮುಚ್ಚಿ ಕುಂದರ್ತಾನ."

"ಅದಕ್ಕ ಅಷ್ಟು ದೂರ ಯಾಕ ಹೋಗಬೇಕಿತ್ರಿ? ನೀವು ದಿನಾ ಆಫೀಸಿನ್ಯಾಗ ಮುಚ್ಚಿ ಕುಂದರಂಗಿಲ್ಲೇನು?"

೨. ತಿಳಿದವರು

ಹೆದರಿ, ತಿಳಿದವರಿಗೆ ತೋರಿಸಿದೆ. ರಾಯಬಾಗದ ವಿಜ್ಞಾನ ಮಾಸ್ತರರು, "ಅಧ್ಯಾತ್ಮ ಭಾಳ ಚಲೋ ಬಂದೈತ್ರಿ. ವಿಜ್ಞಾನ ಮಾತ್ರ ಎಲ್ಲಾ ತಪ್ಪು, ತಗೀರಿ," ಎಂದರು. ನಿಪ್ಪಾಣಿಯ ಪ್ರವಚನಕಾರರು, "ವಿಜ್ಞಾನ ಏಕದಮ್ ಮಸ್ತ್ ಐತ್ರಿ. ಅಧ್ಯಾತ್ಮ ಅಷ್ಟ ತಗೀರಿ," ಎಂದರು. ಇಬ್ಬರ ಮಾತನ್ನೂ ಕೇಳಿದ್ದರೆ ಕತೆಯಲ್ಲಿ ಉಳಿಯುತ್ತಿದ್ದುದು ನನ್ನ ಹೆಸರು, ಊರು, ಪಿನ್‌ಕೋಡ್.

೩. ಅಥಣಿಯ ಸಭೆ

ಆಯ್ಕೆಗೆ ಮೊದಲು ಸಭೆಯಲ್ಲಿ ಓದಬೇಕಿತ್ತು. ನಾನು ಓದಿದ್ದಕ್ಕಿಂತ ವಿವರಿಸಿದ್ದೇ ಹೆಚ್ಚು. "ನೌಕೆ ಒಂದೂವರೆ ತಾಸಿಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಅಂದರೆ ಅಷ್ಟರಲ್ಲೇ ಒಮ್ಮೆ ಸೂರ್ಯ ಹುಟ್ಟಿ, ಮುಳುಗುತ್ತಾನೆ," ಎಂದೆ. ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ.

ಜೈನ ಹಿರಿಯರೊಬ್ಬರು ಎದ್ದರು. "ಹುಡುಗ ನಮ್ಮಾಂವ ಅಂದ್ರಿ. ಹೊತ್ತು ಮುಳುಗಿದ ಮ್ಯಾಲೆ ಉಣ್ಣಂಗಿಲ್ಲ. ಹಂಗಾರ ಯಾವಾಗ ಉಣ್ತಾನ?"

"ಹೊತ್ತು ಹುಟ್ಟಿದ ಕೂಡಲೇ ಉಣ್ತಾನ್ರಿ."

"ಹುಟ್ಟಿ ಎರಡು ಗಳಿಗಿ ಆಗಬೇಕಲ್ರಿ!"

ಎರಡು ಗಳಿಗೆ ಎಂದರೆ ಮುಕ್ಕಾಲು ತಾಸಿಗೂ ಮೇಲೆ. ಅಷ್ಟರಲ್ಲಿ ನನ್ನ ನೌಕೆಯಲ್ಲಿ ಹೆಚ್ಚುಕಡಿಮೆ ಮತ್ತೆ ಸಂಜೆ.

"ಕಾಗವಾಡದ ಗಡಿಯಾರ ನೋಡಿ ಉಂಡರ?" ಎಂದು ಹಿಂದಿನಿಂದ ಒಬ್ಬರು.

"ಸೂರ್ಯ ಕಿಟಕ್ಯಾಗ ಇಣುಕಾಕತ್ತಾನ, ಗಡಿಯಾರ ಯಾಕ ಬೇಕಲೇ?" ಎಂದು ಇನ್ನೊಬ್ಬರು.

ಸಭೆ ಎರಡು ಪಾಲಾಯಿತು. ಆತ್ಮದ ಗೊಡವೆ ಯಾರಿಗೂ ಉಳಿಯಲಿಲ್ಲ. ಕೊನೆಗೆ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡು, "ತಮ್ಮಾ, ಆತ್ಮ ಆಮ್ಯಾಲ ಸಿಗತೈತಿ. ಮೊದಲ ಆ ಹುಡುಗನ್ನ ಕೆಳಗ ಇಳಸಪ್ಪ, ಉಪಾಸ ಸಾಯ್ತೈತಿ," ಎಂದರು.

ಹಾಳೆಯಲ್ಲಿ ಇಲ್ಲದಿದ್ದರೂ, ನಿಂತಲ್ಲೇ ಬಾಯಿಯಿಂದ ನೌಕೆಯನ್ನು ಕಾಗವಾಡದ ಕಬ್ಬಿನ ಹೊಲದಲ್ಲಿ ಇಳಿಸಿದೆ. ಹುಡುಗನಿಗೆ ಹಗಲಿದ್ದಾಗಲೇ ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದೆ. ಚಪ್ಪಾಳೆಯೋ ಚಪ್ಪಾಳೆ!

ಸಂಚಾಲಕರು ಓಡಿಬಂದು ಕೈ ಹಿಡಿದರು. "ಕತಿ ಆಯ್ಕೆ ಆತ್ರಿ! ಇಳಿಯೂದು ಭಾಳ ಚಲೋ ಬಂದೈತಿ. ಆ ಏರೂದೊಂದು ಬಿಟ್ಟ ಬರಕೊಡ್ರಿ."